ಎದೆಯ ಮೇಲಿನ ಬಣ್ಣದ ಪಟ್ಟಿಗಳು

ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂದವೆಂದರೆ ನಮ್ಮ ಹುನಗುಂದ, ಇಳಕಲ್ಲ, ಬಾದಾಮಿ ಕಡೆಯ ಶಾಲೆಗಳಲ್ಲಿ ಮಾಜಿ ಸೈನಿಕರಿಗೆ ಶಾಲು ಹೊದಿಸಿ ಸನ್ಮಾನಿಸುವ ರೂಢಿ ಬೆಳೆದಿದೆ. ಒಳ್ಳೆಯ ರೂಢಿ. ಆದರೆ ಈ ಸಮಾರಂಭಗಳಲ್ಲಿ ನೆರೆದ ಜನರ ಕಣ್ಣು ಮೊದಲು ಹೋಗುವುದು ಅವರ ಎದೆಯ ಮೇಲಿನ ಪದಕಗಳ ಕಡೆಗೆ. ಎಂಟು ಪದಕಗಳಿದ್ದವರು ದೊಡ್ಡ ವೀರರು, ಮೂರಿದ್ದವರು ಹೇಗೋ ನೌಕರಿ ಮುಗಿಸಿಕೊಂಡು ಬಂದವರು ಎಂಬ ಲೆಕ್ಕವನ್ನು ಜನ ಮನಸ್ಸಿನಲ್ಲಿಯೇ ಹಾಕಿಬಿಡುತ್ತಾರೆ. ಹಾರದ ಗಾತ್ರವೂ, ಭಾಷಣಕ್ಕೆ ಕೊಡುವ ಸಮಯವೂ ಆ ಲೆಕ್ಕಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತವೆ. ಈ ಎಣಿಕೆ ಅನ್ಯಾಯದ ಎಣಿಕೆ ಎಂಬುದು ನನ್ನ ಅಭಿಪ್ರಾಯ. ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಪದಕ ದೊರೆಯುವ ಬಗೆ ಒಂದೇ ತೆರನಾಗಿಲ್ಲ. ಅದನ್ನು ತಿಳಿಯದೆ ಒಬ್ಬನ ಎದೆಯನ್ನು ಇನ್ನೊಬ್ಬನ ಎದೆಯೊಡನೆ ಹೋಲಿಸುವುದು, ಗಣಿತದ ಅಂಕವನ್ನು ಕನ್ನಡದ ಅಂಕದೊಡನೆ ಹೋಲಿಸಿ ಮಕ್ಕಳ ಬುದ್ಧಿಯನ್ನು ಅಳೆದಂತೆ.

ಮೊದಲಿಗೆ ಒಂದು ಸರಳ ಸಂಗತಿ. ಸಮವಸ್ತ್ರದ ಮೇಲೆ ಕಾಣುವ ಬಣ್ಣದ ಪಟ್ಟಿಗಳಲ್ಲಿ ಬಹುಪಾಲು ಶೌರ್ಯಕ್ಕೆ ಸಂಬಂಧಿಸಿದವಲ್ಲ. ಒಂಬತ್ತು ವರ್ಷ, ಇಪ್ಪತ್ತು ವರ್ಷ, ಮೂವತ್ತು ವರ್ಷ ಸೇವೆ ಪೂರೈಸಿದ್ದಕ್ಕೆ ಒಂದೊಂದು ಪದಕವುಂಟು. ಜಮ್ಮು ಕಾಶ್ಮೀರ, ಈಶಾನ್ಯದ ಗಡಿ, ಮರುಭೂಮಿ ಇಂತಹ ಕಠಿಣ ಪ್ರದೇಶಗಳಲ್ಲಿ ಗೊತ್ತುಪಡಿಸಿದಷ್ಟು ಕಾಲ ಇದ್ದವರಿಗೆ ಸೈನ್ಯ ಸೇವಾ ಪದಕ. ಸಿಯಾಚಿನ್ನಿನಲ್ಲಿ ಕಾವಲು ಕಾಯ್ದವರಿಗೆ ಬೇರೊಂದು. ಎತ್ತರದ ಹಿಮಪ್ರದೇಶಕ್ಕೆ ಮತ್ತೊಂದು. ಸ್ವಾತಂತ್ರ್ಯದ ಐವತ್ತನೆಯ ವರ್ಷದಲ್ಲಿ ಸೇವೆಯಲ್ಲಿದ್ದವರೆಲ್ಲರಿಗೂ ಒಂದು ಪದಕ ಸಿಕ್ಕಿತು. ಅಂದರೆ ಜವಾನನ ಎದೆಯ ಮೇಲೆ ಹೆಚ್ಚಾಗಿ ಇರುವುದು ಭೂಗೋಳ ಮತ್ತು ಪಂಚಾಂಗ. ಎಲ್ಲಿದ್ದ, ಎಷ್ಟು ದಿನವಿದ್ದ ಎಂಬುದನ್ನು ಓದಬಲ್ಲವರು ಅದರಿಂದ ಓದಬಹುದು. ಕಾಲಾಳು ಪಡೆಯವನು ಈ ಪ್ರದೇಶಗಳನ್ನೆಲ್ಲ ಸುತ್ತಿ ಬರುತ್ತಾನಾದ್ದರಿಂದ ಅವನ ಪಟ್ಟಿಗಳು ಹೆಚ್ಚು. ಬೆಂಗಳೂರಿನಲ್ಲೋ ಬೀದರಿನಲ್ಲೋ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುತ್ತ ಹದಿನೈದು ವರ್ಷ ಕಳೆದವನಿಗೆ ಅವು ಎಲ್ಲಿಂದ ಬರಬೇಕು?

ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ವಿಷಯದಲ್ಲಿ ಇದು ನಡೆದದ್ದನ್ನು ಕಂಡಿದ್ದೇನೆ. ಒಬ್ಬನು ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರದಲ್ಲಿ ತರಬೇತಿ ಪಡೆದು ಕಾಶ್ಮೀರ, ಸಿಕ್ಕಿಂ, ಸಿಯಾಚಿನ್ ಎಲ್ಲ ನೋಡಿ ಬಂದವನು. ಇನ್ನೊಬ್ಬನು ವಾಯುಪಡೆಯಲ್ಲಿ ಎಂಜಿನ್ ತಂತ್ರಜ್ಞನಾಗಿದ್ದವನು. ಒಂದೇ ವೇದಿಕೆಯ ಮೇಲೆ ಇಬ್ಬರಿಗೂ ಸನ್ಮಾನವಾಯಿತು. ನಿರೂಪಕರು ಮೊದಲನೆಯವನನ್ನು ‘ವೀರಯೋಧ’ ಎಂದೂ, ಎರಡನೆಯವನನ್ನು ‘ವಾಯುಪಡೆಯಲ್ಲಿ ಕೆಲಸ ಮಾಡಿದವರು’ ಎಂದೂ ಕರೆದರು. ಮೊದಲನೆಯವನಿಗೇ ಅದು ಮುಜುಗರವಾಯಿತು. ಚಹಾ ಕುಡಿಯುವಾಗ ಎರಡನೆಯವನು ನಗುತ್ತಲೇ, “ಸರ, ನಾ ಮಾಡಿದ ಕೆಲಸ ಛಲೋ ಇದ್ರ ಅದು ಯಾರಿಗೂ ಕಾಣೂದಿಲ್ರಿ. ಕಾಣಸ್ತು ಅಂದ್ರ ಏನೋ ಕೆಟ್ಟೇತಿ ಅಂತನ ಅರ್ಥ” ಎಂದನು. ಪದಕಗಳ ಬಗೆಗೆ ಆಮೇಲೆ ನಾನು ಓದಿದ್ದರಲ್ಲಿ ಇಷ್ಟು ಸ್ಪಷ್ಟವಾದ ಮಾತು ಕಡಿಮೆ.

ಇನ್ನು ಶೌರ್ಯದ ಪದಕಗಳ ವಿಚಾರ. 1950ರ ಜನವರಿ 26ರಂದು, ಗಣರಾಜ್ಯವಾದ ದಿನವೇ, ಪರಮವೀರಚಕ್ರ, ಮಹಾವೀರಚಕ್ರ, ವೀರಚಕ್ರಗಳನ್ನು ಸ್ಥಾಪಿಸಿ, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ ಮಾಡಿದರು. ಶತ್ರುವಿನ ಎದುರಿನಲ್ಲಿ ಅಲ್ಲದೆ ತೋರಿದ ಶೌರ್ಯಕ್ಕೆಂದು 1952ರಲ್ಲಿ ಅಶೋಕಚಕ್ರದ ಮೂರು ದರ್ಜೆಗಳು ಬಂದವು. ಅವುಗಳಲ್ಲಿ ಎರಡನೆಯ ಮತ್ತು ಮೂರನೆಯ ದರ್ಜೆಗಳಿಗೆ 1967ರಲ್ಲಿ ಕೀರ್ತಿಚಕ್ರ, ಶೌರ್ಯಚಕ್ರ ಎಂಬ ಹೆಸರಾಯಿತು. ಈ ಆರೂ ಚಕ್ರಗಳು ಮೂರೂ ಪಡೆಗಳಿಗೆ ಒಂದೇ. ಸಿಪಾಯಿಗೂ ಜನರಲ್‌ಗೂ ಒಂದೇ. ಇಂದು ಇದು ಸಹಜವೆನಿಸುತ್ತದೆ, ಆದರೆ ಆ ಕಾಲಕ್ಕೆ ಸಹಜವಾಗಿರಲಿಲ್ಲ. ನಮ್ಮನ್ನಾಳಿದ ಬ್ರಿಟಿಷರಲ್ಲಿ ನೌಕಾ ಅಧಿಕಾರಿಗೆ ಒಂದು ಕ್ರಾಸ್, ಭೂಸೇನೆಯ ಅಧಿಕಾರಿಗೆ ಇನ್ನೊಂದು ಕ್ರಾಸ್, ವಿಮಾನ ಹಾರಿಸುವ ಅಧಿಕಾರಿಗೆ ಮತ್ತೊಂದು. ಅಷ್ಟೇ ಶೌರ್ಯ ತೋರಿದ ಸಾಮಾನ್ಯ ಸೈನಿಕನಿಗೆ ಕ್ರಾಸ್ ಇಲ್ಲ, ಬರೀ ಮೆಡಲ್! ಈ ಪಂಕ್ತಿಭೇದವನ್ನು ಅವರು ಕೈಬಿಟ್ಟದ್ದು 1993ರಲ್ಲಿ. ಅವರ ಅತ್ಯುನ್ನತ ಪದಕವಾದ ವಿಕ್ಟೋರಿಯಾ ಕ್ರಾಸ್ ಭಾರತೀಯ ಸೈನಿಕರಿಗೂ ದೊರೆಯಬಹುದೆಂದು ಆದದ್ದೇ 1911ರಲ್ಲಿ. (ಬೆಳಗಾವಿಯಲ್ಲಿ ಕೇಂದ್ರವಿರುವ ಅದೇ ಮರಾಠಾ ದಳದ ಯಶವಂತ ಘಾಡ್ಗೆ ಮತ್ತು ನಾಮದೇವ ಜಾಧವ ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ನೆಲದಲ್ಲಿ ಅದನ್ನು ಗಳಿಸಿದರು, ಘಾಡ್ಗೆ ಅಲ್ಲಿಯೇ ಮಡಿದರು.) ಅಂಥ ವ್ಯವಸ್ಥೆಯಿಂದ ಹೊರಬಂದ ಮೂರೇ ವರ್ಷಗಳಲ್ಲಿ ನಮ್ಮವರು ಎಲ್ಲರಿಗೂ ಒಂದೇ ಚಕ್ರವೆಂದು ನಿಶ್ಚಯಿಸಿದ್ದನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ.

ಅಮೆರಿಕದಲ್ಲಿ ಇಂದಿಗೂ ಪಡೆಗೊಂದು ಪದಕ. ಎರಡನೆಯ ಸ್ಥಾನದ ಶೌರ್ಯಪದಕ ಭೂಸೇನೆಗೆ ಒಂದು, ನೌಕಾಪಡೆಗೆ ಒಂದು, ವಾಯುಪಡೆಗೆ ಒಂದು. ಅತ್ಯುನ್ನತ ಪದಕದ ಆಕಾರವೂ ಮೂರು ತರ. ಕೊಡುವ ಕೈಯಲ್ಲಿಯೂ ವ್ಯತ್ಯಾಸವುಂಟು. ಅಲ್ಲಿನ ಭೂಸೇನೆ ಆರಂಭದ ತರಬೇತಿ ಮುಗಿಸಿದ್ದಕ್ಕೇ ಒಂದು ರಿಬ್ಬನ್ ಕೊಡುತ್ತದೆ. ಮರೀನ್ ಪಡೆಯಲ್ಲಿ ಅಂಥದ್ದಿಲ್ಲ. 1983ರಲ್ಲಿ ಗ್ರೆನಡಾ ಎಂಬ ಪುಟ್ಟ ದ್ವೀಪದ ಮೇಲೆ ಅವರು ದಾಳಿ ಮಾಡಿದಾಗ, ದ್ವೀಪಕ್ಕೆ ಕಾಲಿಟ್ಟ ಸೈನಿಕರು ಸುಮಾರು ಏಳು ಸಾವಿರ. ಭೂಸೇನೆ ಹಂಚಿದ ಪದಕಗಳು ಎಂಟು ಸಾವಿರಕ್ಕೂ ಮಿಕ್ಕಿದವು. ಅವರ ಪತ್ರಿಕೆಗಳೇ ಇದನ್ನು ಕಂಡು ನಕ್ಕವು.

ನಮ್ಮಲ್ಲಿ ಪಡೆಗಳ ಬಣ್ಣ ಬೇರೆಯಾಗುವುದು ಚಕ್ರಗಳ ಕೆಳಗಿನ ಮೆಟ್ಟಿಲಿನಲ್ಲಿ. 1960ರ ಜೂನ್‌ನಲ್ಲಿ ಸೇನಾ ಪದಕ, ನೌಸೇನಾ ಪದಕ, ವಾಯುಸೇನಾ ಪದಕ ಎಂದು ಮೂರನ್ನು ಬೇರೆ ಬೇರೆಯಾಗಿ ಸ್ಥಾಪಿಸಿದರು. ನೇಕಾರರ ನಾಡಿನವನಾದ್ದರಿಂದ ನನಗೆ ಇವುಗಳ ರಿಬ್ಬನ್ನಿನ ಮೇಲೆ ವಿಶೇಷ ಮೋಹ. ಸೇನಾ ಪದಕದ್ದು ಕೆಂಪು ಪಟ್ಟಿ, ನಡುವೆ ತೆಳುವಾದ ಬಿಳಿ ಗೆರೆ. ಇಳಕಲ್ಲ ಸೀರೆಯ ಸೆರಗಿನ ಕೆಂಪು-ಬಿಳಿಯನ್ನು ಬಲ್ಲವರಿಗೆ ಅದು ಕೂಡಲೇ ನಮ್ಮದೆನಿಸುತ್ತದೆ. ನೌಸೇನಾ ಪದಕದ್ದು ಕಡುನೀಲಿ, ನಡುವೆ ಅದೇ ಬಿಳಿ ಗೆರೆ. ವಾಯುಸೇನಾ ಪದಕದ್ದು ಮಾತ್ರ ಓರೆ ಗೆರೆಗಳದು, ಬೂದು ಮತ್ತು ಕೇಸರಿ ಬಣ್ಣ. ಬ್ರಿಟಿಷರ ವಾಯುಪಡೆಯ ಪದಕಗಳ ರಿಬ್ಬನ್ನುಗಳೂ ಓರೆ ಗೆರೆಯವೇ. ಆಳಿದವರು ಹೋದರೂ ಅವರ ಗೆರೆ ಉಳಿದುಕೊಂಡಿತು.

ಚಕ್ರವೇನೋ ಎಲ್ಲರಿಗೂ ಒಂದೇ. ಆದರೆ ಅದು ಹೋಗಿ ಸೇರಿದ್ದು ಎಲ್ಲಿಗೆ? ಇದುವರೆಗಿನ ಇಪ್ಪತ್ತೊಂದು ಪರಮವೀರಚಕ್ರಗಳಲ್ಲಿ ಇಪ್ಪತ್ತು ಭೂಸೇನೆಯವರಿಗೆ, ಒಂದು ವಾಯುಪಡೆಗೆ. ನೌಕಾಪಡೆಗೆ ಒಂದೂ ಇಲ್ಲ. ಇದನ್ನು ನೋಡಿ ನೌಕಾಪಡೆಯಲ್ಲಿ ಶೂರರಿಲ್ಲವೆಂದು ಯಾರಾದರೂ ಹೇಳುವುದುಂಟೆ? ವ್ಯತ್ಯಾಸ ಇರುವುದು ಕೆಲಸದ ಸ್ವರೂಪದಲ್ಲಿ ಮತ್ತು, ನನ್ನ ತಿಳಿವಳಿಕೆಯಂತೆ ಅದಕ್ಕಿಂತಲೂ ಹೆಚ್ಚಾಗಿ, ಸಾಕ್ಷಿಯಲ್ಲಿ. ಪದಕ ಬೇಕಾದರೆ ಯಾರೋ ಕಣ್ಣಾರೆ ಕಂಡಿರಬೇಕು, ಕಂಡವರು ಬದುಕಿರಬೇಕು, ಬದುಕಿದವರು ಬರೆಯಬೇಕು. ಬೆಟ್ಟದ ಮೇಲೆ ಶತ್ರುವಿನ ಬಂಕರಿಗೆ ನುಗ್ಗಿದ ಸಿಪಾಯಿಯನ್ನು ಅವನ ತುಕಡಿಯವರು ನೋಡಿರುತ್ತಾರೆ. ಮೋಡದೊಳಗೆ ಒಂಟಿಯಾಗಿ ಹಾರಿದವನನ್ನು ಯಾರು ನೋಡಬೇಕು?

ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕತೆ ಇದಕ್ಕೆ ಸಾಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ನಮ್ಮ ಮಿಸ್ಟೇರ್ ವಿಮಾನಗಳು ದಾಳಿ ನಡೆಸಿದವು. ದೇವಯ್ಯನವರನ್ನು ಇರಿಸಿಕೊಂಡದ್ದು ಹೆಚ್ಚುವರಿ ಪೈಲಟ್ ಆಗಿ. ಯಾವುದಾದರೂ ವಿಮಾನ ಹಿಂದೆ ಉಳಿದರೆ ಅದರ ಸ್ಥಾನ ತುಂಬುವುದಷ್ಟೇ ಅವರ ಪಾಲು. ಉಳಿದವರು ಮರಳಿದರು, ಅವರು ಮರಳಲಿಲ್ಲ. ಕಾಣೆಯಾದವರ ಪಟ್ಟಿಗೆ ಹೆಸರು ಸೇರಿತು. ಏನಾಯಿತೆಂದು ಹೇಳಲು ನಮ್ಮ ಕಡೆಯವರು ಯಾರೂ ಇರಲಿಲ್ಲ. ಸಂಗತಿ ಹೊರಬಂದದ್ದು 1979ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ಕಡೆಯಿಂದ ಸಾಮಗ್ರಿ ಸಂಗ್ರಹಿಸಿ ಆ ಯುದ್ಧದ ಬಗೆಗೆ ಪುಸ್ತಕ ಬರೆದಾಗ. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ಒಂದು ದೇವಯ್ಯನವರ ಹಳೆಯ ಕಾಲದ ಮಿಸ್ಟೇರ್ ವಿಮಾನಕ್ಕೆ ಪೆಟ್ಟು ಕೊಟ್ಟಿತ್ತು. ಪೆಟ್ಟು ತಿಂದ ವಿಮಾನದಲ್ಲಿಯೇ ಅವರು ತಿರುಗಿ ಬಿದ್ದು ಕಾದಾಡಿ ಆ ಸ್ಟಾರ್‌ಫೈಟರನ್ನು ಕೆಡವಿದ್ದರು. ಅದರ ಪೈಲಟ್ ಪ್ಯಾರಾಶೂಟಿನಿಂದ ಇಳಿದು ಬದುಕಿಕೊಂಡ. ದೇವಯ್ಯನವರು ಅಲ್ಲಿಯೇ ಮಡಿದರು. 1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳ ಮೇಲೆ, ಅವರಿಗೆ ಮರಣೋತ್ತರವಾಗಿ ಮಹಾವೀರಚಕ್ರ ಬಂದಿತು. ಆ ಇಪ್ಪತ್ಮೂರು ವರ್ಷಗಳಲ್ಲಿ ಅವರ ಶೌರ್ಯ ಕಡಿಮೆಯದಾಗಿತ್ತೆ? ಶತ್ರುವೇ ಸಾಕ್ಷಿ ಹೇಳುವವರೆಗೆ ಅದು ಕಡತದಲ್ಲಿರಲಿಲ್ಲ, ಅಷ್ಟೆ. 2025ರಲ್ಲಿ ಬಂದ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಲನಚಿತ್ರಕ್ಕೆ ಈ ಘಟನೆಯೇ ಆಧಾರವಾದ್ದರಿಂದ ಈಗಿನ ಹುಡುಗರಿಗೆ ಇದು ಸ್ವಲ್ಪ ಗೊತ್ತು. ನಾನು ತರಗತಿಯಲ್ಲಿ ಹೇಳುತ್ತಿದ್ದ ಕಾಲಕ್ಕೆ ಕೊಡಗಿನ ಹೊರಗೆ ಈ ಹೆಸರು ಕೇಳಿದವರೇ ವಿರಳ.

ಇದಕ್ಕೆದುರಾಗಿ, ವಾಯುಪಡೆಯ ಏಕೈಕ ಪರಮವೀರಚಕ್ರ ಪಡೆದ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರ ಕಾಳಗ 1971ರ ಡಿಸೆಂಬರ್ 14ರಂದು ಶ್ರೀನಗರದ ವಾಯುನೆಲೆಯ ಬಳಿಯಲ್ಲಿ ನಡೆಯಿತು. ಕೆಳಗೆ ನಮ್ಮವರಿದ್ದರು, ರೇಡಿಯೊದಲ್ಲಿ ಅವರ ದನಿ ಕೇಳುತ್ತಿತ್ತು. ಸೆಖೋನ್ ಅವರ ಹಿರಿಮೆಯನ್ನು ಇದರಿಂದ ಒಂದು ಕೂದಲೆಳೆಯಷ್ಟೂ ಕುಗ್ಗಿಸುತ್ತಿಲ್ಲ. ಸಾಕ್ಷಿ ಎಷ್ಟು ದೊಡ್ಡ ಮಾತು ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ನೌಕಾಪಡೆಯ ಪರಿಯೇ ಬೇರೆ. ಹಡಗು ಕಾದಾಡುವುದು ಇಡಿಯಾಗಿ, ಮುಳುಗುವುದೂ ಇಡಿಯಾಗಿ. ಎಂಜಿನ್ ಕೋಣೆಯಲ್ಲಿ ಬೆವರುತ್ತಿದ್ದ ನಾವಿಕನ ಧೈರ್ಯವನ್ನು ತೋಪಿನ ಬಳಿಯಿದ್ದವನ ಧೈರ್ಯದಿಂದ ಬಿಡಿಸಿ ತೂಗುವುದು ಹೇಗೆ? ಹೀಗಾಗಿ ಹಡಗಿಗೆ ಸಲ್ಲಬೇಕಾದ ಗೌರವವೆಲ್ಲ ಸಾಮಾನ್ಯವಾಗಿ ಅದರ ಕಪ್ತಾನನ ಹೆಸರಿನಲ್ಲಿ ಬರುತ್ತದೆ. 1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪ ‘ಖುಕ್ರಿ’ ಮುಳುಗಿದಾಗ 18 ಅಧಿಕಾರಿಗಳೂ 176 ನಾವಿಕರೂ ಜಲಸಮಾಧಿಯಾದರು. ಹಡಗನ್ನು ಬಿಟ್ಟುಬರದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮಹಾವೀರಚಕ್ರ ಸಂದಿತು. ಸಾಕ್ಷಿ ಹೇಳಬಲ್ಲವರು ಹಡಗಿನೊಡನೆಯೇ ಹೋಗಿದ್ದಾಗ, ಉಳಿದವರಲ್ಲಿ ಯಾರು ಏನು ಮಾಡಿದರೆಂಬುದು ಎಷ್ಟೆಂದು ಬರವಣಿಗೆಗೆ ಬಂದೀತು? ಕಾರವಾರದ ಕಡಲ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಹಡಗನ್ನು ನೋಡಿದವರಿಗೆ ಇದು ಇನ್ನಷ್ಟು ಮನದಟ್ಟಾಗುತ್ತದೆ. ಆ ಇಕ್ಕಟ್ಟಿನಲ್ಲಿ ಒಬ್ಬನ ಶೌರ್ಯ, ಇನ್ನೊಬ್ಬನ ಶೌರ್ಯ ಎಂದು ಗೋಡೆ ಕಟ್ಟಲು ಜಾಗವೇ ಇಲ್ಲ.

ಶಾಂತಿಕಾಲದಲ್ಲಿಯೂ ಅಷ್ಟೆ, ಒಂದೇ ಚಕ್ರದ ಹಿಂದಿನ ಕೆಲಸ ಪಡೆಯಿಂದ ಪಡೆಗೆ ಬದಲಾಗುತ್ತದೆ. ಭೂಸೇನೆಯಲ್ಲಿ ಕೀರ್ತಿಚಕ್ರವೆಂದರೆ ಹೆಚ್ಚಾಗಿ ಉಗ್ರರೊಡನೆ ನಡೆದ ಹೋರಾಟ. ನೌಕಾಪಡೆಯ ಅಭಿಲಾಷ್ ಟಾಮಿ ಅವರಿಗೆ ಅದೇ ಕೀರ್ತಿಚಕ್ರ 2013ರಲ್ಲಿ ಬಂದದ್ದು, ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲಿಯೂ ನಿಲ್ಲದೆ, ಭೂಮಿಯನ್ನು ಸುತ್ತಿ ಬಂದುದಕ್ಕೆ. ವಾಯುಪಡೆಯ ರಾಕೇಶ್ ಶರ್ಮಾ ಅವರ ಅಶೋಕಚಕ್ರ 1984ರ ಬಾಹ್ಯಾಕಾಶ ಯಾನಕ್ಕೆ. ಬೆಂಗಳೂರಿನ ಕರ್ನಲ್ ವಸಂತ ವೇಣುಗೋಪಾಲ್ ಅವರ ಅಶೋಕಚಕ್ರವಾದರೋ 2007ರ ಜುಲೈ 31ರಂದು ಉರಿಯ ಕಾಡಿನಲ್ಲಿ ಉಗ್ರರೊಡನೆ ಹೋರಾಡಿ ಪ್ರಾಣ ಬಿಟ್ಟದ್ದಕ್ಕೆ. ಅವರು ಮುನ್ನಡೆಸುತ್ತಿದ್ದದ್ದು ಮರಾಠಾ ದಳದ 9ನೆಯ ಬೆಟಾಲಿಯನ್ನನ್ನು. ಎರಡೂ ಅಶೋಕಚಕ್ರವೇ. ಯಾವುದು ಹೆಚ್ಚು ಎಂದು ಕೇಳುವ ಪ್ರಶ್ನೆಗೆ ಅರ್ಥವಿಲ್ಲ.

ಯುದ್ಧದ ಸ್ವರೂಪ ಬದಲಾದರೆ ಪದಕ ಹೋಗುವ ದಾರಿಯೂ ಬದಲಾಗುತ್ತದೆ. ಕಾರ್ಗಿಲ್ ಯುದ್ಧದಲ್ಲಿ ಕೊಟ್ಟ ನಾಲ್ಕೂ ಪರಮವೀರಚಕ್ರಗಳು ಕಾಲಾಳು ಪಡೆಗೆ ಹೋದವು. ಬೆಟ್ಟ ಹತ್ತಿದವರು ಅವರು. 2025ರ ಆಪರೇಷನ್ ಸಿಂಧೂರದ ನಂತರ ಪ್ರಕಟವಾದ ಹದಿನೈದು ವೀರಚಕ್ರಗಳಲ್ಲಿ ಒಂಬತ್ತು ವಾಯುಪಡೆಯವರಿಗೆ. 2019ರಲ್ಲಿ ಅಭಿನಂದನ್ ವರ್ಧಮಾನ್ ಅವರಿಗೆ ವೀರಚಕ್ರ ಬಂದಾಗ, ಅದೇ ಕಾಳಗದಲ್ಲಿ ನೆಲದ ಮೇಲೆ ಪರದೆಯ ಮುಂದೆ ಕುಳಿತು ಪೈಲಟ್‌ಗಳಿಗೆ ದಾರಿ ತೋರಿದ ಸ್ಕ್ವಾಡ್ರನ್ ಲೀಡರ್ ಮಿಂಟಿ ಅಗರ್‌ವಾಲ್ ಅವರಿಗೆ ಯುದ್ಧ ಸೇವಾ ಪದಕ ದೊರೆಯಿತು. ಆ ಪದಕ ಪಡೆದ ಮೊದಲ ಮಹಿಳೆ ಅವರು. ಕಾಣದ ಕೆಲಸವನ್ನೂ ಕಾಣಲು ತೊಡಗಿದ್ದೇವೆ ಎಂದು ನನಗೆ ಅಂದು ಸಂತೋಷವಾಗಿತ್ತು.

ಎರಡು ವಿಷಯಗಳಲ್ಲಿ ನನಗೆ ಅಸಮಾಧಾನವಿದೆ. ಒಂದು, ವಿಶಿಷ್ಟ ಸೇವಾ ಪದಕಗಳ ಸಾಲು. ಪರಮ, ಅತಿ, ವಿಶಿಷ್ಟ ಎಂಬ ಮೂರು ಮೆಟ್ಟಿಲು. ನಿಯಮದ ಪ್ರಕಾರ ಇವು ಎಲ್ಲ ದರ್ಜೆಯವರಿಗೂ ತೆರೆದಿವೆ. ಆದರೆ ಪ್ರತಿ ಜನವರಿಯ ಪಟ್ಟಿ ತೆಗೆದು ನೋಡಿ: ಪರಮ ವಿಶಿಷ್ಟ ಸೇವಾ ಪದಕ ಹೋಗುವುದು ಲೆಫ್ಟಿನೆಂಟ್ ಜನರಲ್, ವೈಸ್ ಅಡ್ಮಿರಲ್, ಏರ್ ಮಾರ್ಷಲ್‌ಗಳಿಗೆ. ಮೂವತ್ತು ವರ್ಷ ಅಡುಗೆಮನೆ ನಡೆಸಿ ಸಾವಿರಾರು ಜನರಿಗೆ ಹಿಮದಲ್ಲಿ ಬಿಸಿ ಅನ್ನ ಕೊಟ್ಟ ಹವಾಲ್ದಾರನ ಸೇವೆ ‘ಪರಮ’ ಆಗಬಾರದೆಂದು ಯಾವ ನಿಯಮದಲ್ಲಿದೆ? ಚಕ್ರಗಳಲ್ಲಿ ಹೊರದೂಡಿದ ದರ್ಜೆಯ ಭೇದ ಇಲ್ಲಿ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿದೆ.

ಎರಡನೆಯದು ಇನ್ನೂ ಹತ್ತಿರದ್ದು. ಸೇನಾ ಪದಕವನ್ನು (ನೌಸೇನಾ, ವಾಯುಸೇನಾ ಪದಕಗಳನ್ನೂ) ಎರಡು ಕಾರಣಗಳಿಗೆ ಕೊಡುತ್ತಾರೆ: ಶೌರ್ಯಕ್ಕೆ ಮತ್ತು ಕರ್ತವ್ಯನಿಷ್ಠೆಗೆ. ಪದಕ ಒಂದೇ, ರಿಬ್ಬನ್ ಒಂದೇ. ತಿಂಗಳ ಗೌರವಧನ ಮಾತ್ರ ಶೌರ್ಯಕ್ಕೆ ಪಡೆದವರಿಗಷ್ಟೇ. 2017ರಲ್ಲಿ ಪರಿಷ್ಕರಿಸಿದಾಗ ಅದು 2,000 ರೂಪಾಯಿಯಾಯಿತು, ಪರಮವೀರಚಕ್ರದ್ದು 20,000. ಸರಕಾರದ ಖಜಾನೆಗೆ ತಿಳಿಯುವ ವ್ಯತ್ಯಾಸ ಊರಿನ ಕಣ್ಣಿಗೆ ತಿಳಿಯುವುದಿಲ್ಲ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಯಾರು ಮರೆತಾರು? 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನಲ್ಲಿ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಅವರಲ್ಲಿ ಕರ್ನಾಟಕದವರೇ ಮೂವರು. ಆರನೆಯ ದಿನ ಹನುಮಂತಪ್ಪ ಉಸಿರಿರುವಂತೆಯೇ ದೊರೆತರು, 11ರಂದು ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮುಂದಿನ ವರ್ಷದ ಸೇನಾ ದಿನದಂದು ಅವರ ಪತ್ನಿ ಸೇನಾ ಪದಕ ಸ್ವೀಕರಿಸಿದರು. ಅಂಥ ಎದೆಯ ಮೇಲಿನ ಕೆಂಪು-ಬಿಳಿ ಪಟ್ಟಿಯೂ, ಕಚೇರಿಯ ಮೇಜಿನ ಮುಂದೆ ನಿಷ್ಠೆಯಿಂದ ದುಡಿದವರ ಪಟ್ಟಿಯೂ ಒಂದೇ ಆಗಿರುವುದು ಇಬ್ಬರಿಗೂ ನ್ಯಾಯವಲ್ಲ. ಒಂದು ಸಣ್ಣ ಲೋಹದ ಗುರುತು, ಇಲ್ಲವೇ ರಿಬ್ಬನ್ನಿನಲ್ಲಿ ಇನ್ನೊಂದು ಎಳೆ ಸೇರಿಸಿದರೆ ಸಾಕು. ನಮ್ಮ ನೇಕಾರರಿಗೆ ಹೇಳಿದರೆ ಸಂಜೆಯೊಳಗೆ ಮಗ್ಗ ಹೂಡಿ ತೋರಿಸಿಯಾರು.

ಹನುಮಂತಪ್ಪನವರನ್ನು ಹುಡುಕಲು ಡಾಟ್, ಮಿಶಾ ಎಂಬ ಸೇನೆಯ ನಾಯಿಗಳೂ ಹಿಮದ ಮೇಲೆ ದುಡಿದವು. ಇದನ್ನು ಓದಿದಾಗ ನನಗೆ ಆತಕೂರಿನ ಶಾಸನ ನೆನಪಾಯಿತು. ಹತ್ತನೆಯ ಶತಮಾನದ ನಡುವಿನಲ್ಲಿ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲರನಿಗೆ ಗಂಗರ ಬೂತುಗನು ಏನು ಬೇಕೆಂದು ಕೇಳಿದಾಗ, ಅವನು ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಪೂರ್ವಿಕರ ಪದ್ಧತಿಯಲ್ಲಿ ನನಗೆ ಮೆಚ್ಚುಗೆಯಾಗುವುದು ಇದು: ಹೆಸರು ಕೊಟ್ಟು, ಏನು ಮಾಡಿದನೆಂದು ಚಿತ್ರ ಕೊರೆದು, ಊರಿನ ಭಾಷೆಯಲ್ಲಿ ನಾಲ್ಕು ಸಾಲು ಬರೆದು, ಊರಿನಲ್ಲಿಯೇ ನಿಲ್ಲಿಸುತ್ತಿದ್ದರು. ಐಹೊಳೆ, ಬಾದಾಮಿ ಕಡೆ ದನ ಕಾಯುವ ಹುಡುಗನೂ ವೀರಗಲ್ಲು ನೋಡಿ ಇವನು ತುರು ಕಾಯ್ದು ಸತ್ತ, ಇವನು ಕುದುರೆಯ ಮೇಲೆ ಕಾದಿ ಸತ್ತ ಎಂದು ಹೇಳಬಲ್ಲನು. ಇಂದಿನ ಪದಕದ ಬಗೆಗೆ ಹಾಗೆ ಹೇಳಬಲ್ಲವರು ಊರಿನಲ್ಲಿ ಎಷ್ಟು ಜನ?

ಪ್ರತಿಯೊಂದು ಶೌರ್ಯಪದಕದ ಜೊತೆಗೂ ಸೈಟೇಶನ್ ಎಂಬ ಒಂದು ಬರಹವಿರುತ್ತದೆ. ಯಾವ ದಿನ, ಎಲ್ಲಿ, ಏನು ಮಾಡಿದನೆಂದು ಅದರಲ್ಲಿ ಇರುತ್ತದೆ. ಅದು ಇಂಗ್ಲಿಷಿನಲ್ಲಿ ಬಂದು, ಪೆಟ್ಟಿಗೆ ಸೇರಿ, ಮನೆಯವರೂ ಪೂರ್ತಿ ಓದದೆ ಉಳಿಯುತ್ತದೆ. ಪದಕ ಪಡೆದವನು ಓದಿದ ಶಾಲೆಯ ಗೋಡೆಯ ಮೇಲೆ ಅದರ ಕನ್ನಡ ಅನುವಾದ ಇರಬೇಕು. ಹಾಗೆಯೇ, ಶೌರ್ಯಪದಕವಿಲ್ಲದವನನ್ನು ಸನ್ಮಾನಕ್ಕೆ ಕರೆದಾಗ, ಅವನು ಎಲ್ಲೆಲ್ಲಿ ಇದ್ದ, ಏನು ಕೆಲಸ ಮಾಡಿದ ಎಂಬುದನ್ನು ಮೊದಲೇ ಕೇಳಿ ತಿಳಿದು ವೇದಿಕೆಯ ಮೇಲೆ ಹೇಳಬೇಕು. ಇದಕ್ಕೆ ಅನುದಾನ ಬೇಡ, ಸಮಿತಿ ಬೇಡ. ಒಬ್ಬ ಶಿಕ್ಷಕ, ಒಂದು ಸಂಜೆ ಸಾಕು. ದೇವಯ್ಯನವರ ಸಾಹಸದ ವಿವರವನ್ನು ಒಂಬತ್ತನೆಯ ತರಗತಿಯ ಮಕ್ಕಳಿಗೆ ಎಟಕುವ ಕನ್ನಡದಲ್ಲಿ ಒಂದೂವರೆ ಪುಟವಾಗಿ ನಾನು ಬರೆದಿಟ್ಟಿದ್ದೇನೆ. ಬೇಕಾದ ಶಿಕ್ಷಕ ಮಿತ್ರರು ಒಂದು ಮಾತು ತಿಳಿಸಿದರೆ ಕಳುಹಿಸಿಕೊಡುವೆನು.